ಶಾಲೆ ಅಂಗಳದ ಕೈಪಂಪು ರಿಪೇರಿ: ಪೈಪು ಎತ್ತುವ ಮುಂಚೆ ಬಕೆಟ್ಟು ಮತ್ತು ಗಡಿಯಾರ

ಪಂಪು: ಇಂಡಿಯಾ ಮಾರ್ಕ್ 2. ಜಾಗ: ಬಯಲುಸೀಮೆಯ ಒಂದು ಸರ್ಕಾರಿ ಶಾಲೆಯ ಅಂಗಳ. ಬೋರಿನ ಆಳ 60 ಮೀಟರ್, ವ್ಯಾಸ 150 ಮಿ.ಮೀ. ಒಳಗೆ 32 ಮಿ.ಮೀ.ನ 10 ಜಿ.ಐ. ಪೈಪು, ಒಂದೊಂದೂ 3 ಮೀಟರ್. ಕೊನೆಯ ಪೈಪಿನ ತುದಿಗೆ, ಪಿಸ್ಟನ್ನು ಓಡಾಡಿ ನೀರೆತ್ತುವ ಸಿಲಿಂಡರ್. ದೂರು ಇಷ್ಟು: ಬೆಳಿಗ್ಗೆ ತುಂಬಾ ಹೊತ್ತು ಹೊಡೆದ ಮೇಲೆ ನೀರು ಕಾಣಿಸುತ್ತದೆ, ಬಂದರೂ ಸಣ್ಣಗೆ ಬರುತ್ತದೆ, ಹ್ಯಾಂಡಲ್ಲು ಅಕ್ಕಪಕ್ಕ ಅಲ್ಲಾಡುತ್ತದೆ.

2019ರಲ್ಲಿ ಜಲಜೀವನ್ ಮಿಷನ್ ಶುರುವಾಗಿ ಮನೆಗಳಿಗೆ ನಲ್ಲಿ ಬಂದ ಮೇಲೆ ಇಂಥ ಪಂಪುಗಳ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಮೋಟರ್ ಸುಟ್ಟ ದಿನ, ಟ್ರಾನ್ಸ್‌ಫಾರ್ಮರ್ ಹೋದ ವಾರ, ಊರಿಗೆ ನೀರು ಕೊಡುವುದು ಕರೆಂಟು ಕೇಳದ ಈ ಪಂಪೇ. ಶಾಲೆಯಲ್ಲಿ ಬಿಸಿಯೂಟದ ಪಾತ್ರೆ ತೊಳೆಯುವುದಕ್ಕೂ ಶೌಚಾಲಯಕ್ಕೂ ಅದೇ ಆಧಾರ. ಹಾಗಿದ್ದೂ ಎಷ್ಟೋ ಪಂಪುಗಳು ನಿಂತಿರುವುದು ಬೋರು ಬತ್ತಿದ್ದರಿಂದಲ್ಲ. ಒಂದು ಚರ್ಮದ ವಾಷರ್ ಬದಲಾಗದೆ, ಒಂದು ನಟ್ಟು ಬಿಗಿಯಾಗದೆ ನಿಂತಿವೆ.

ಎಚ್‌ಎಂಟಿ, ಲೋಕೋಪಯೋಗಿ ಇಲಾಖೆ, ನೀರು ಸರಬರಾಜು ವಿಭಾಗಗಳಲ್ಲಿ ಫಿಟ್ಟರ್, ಮೆಕ್ಯಾನಿಕ್, ಡಿಪ್ಲೊಮಾ ಟೆಕ್ನೀಷಿಯನ್ ಆಗಿ ದುಡಿದು ನಿವೃತ್ತರಾದವರಿಗೆ ಸೇವೆ ಮಾಡುವ ಮನಸ್ಸಿದ್ದರೆ ಇದಕ್ಕಿಂತ ಹತ್ತಿರದ ಕೆಲಸ ಇನ್ನೊಂದಿಲ್ಲ. ಥ್ರೆಡ್ಡು, ಬೇರಿಂಗು, ವಾಲ್ವು, ಅಳತೆ ಎಲ್ಲವೂ ಕೈಗೆ ಬಂದಿರುವಂಥವೇ. ಆದರೆ ಒಂದು ಮಾತು ಮೊದಲೇ ಹೇಳಬೇಕು: ಪಂಪು ಗ್ರಾಮ ಪಂಚಾಯಿತಿಯ ಆಸ್ತಿ. ಪಿಡಿಒ ಅವರಿಂದ ಒಂದು ಸಾಲಿನ ಒಪ್ಪಿಗೆ ಪತ್ರ ಪಡೆಯದೆ ಬೋಲ್ಟು ಬಿಚ್ಚಬೇಡಿ. ಊರಿನ ನೀರುಗಂಟಿಯನ್ನು ಮೊದಲ ದಿನದಿಂದಲೇ ಜೊತೆಗೆ ನಿಲ್ಲಿಸಿಕೊಳ್ಳಿ. ಕೆಲಸ ನೀವು ಮಾಡಿ ಹೋದರೆ ಆ ಪಂಪು ಇನ್ನೊಂದು ವರ್ಷ ಓಡುತ್ತದೆ. ನೀರುಗಂಟಿಯ ಕೈಯಲ್ಲಿ ಮಾಡಿಸಿದರೆ ಊರಿನ ಅಷ್ಟೂ ಪಂಪುಗಳು ಓಡುತ್ತವೆ.

ಮೊದಲು ರೋಗ ಯಾವುದು ನೋಡಿ

ಬಹಳ ಕಡೆ ನಡೆಯುವುದು ಹೀಗೆ: ನೀರು ಕಡಿಮೆ ಎಂದ ಕೂಡಲೇ ಆರು ಜನ ಸೇರಿ ಪೈಪು ಎತ್ತುತ್ತಾರೆ, ವಾಷರ್ ಹಾಕಿ ಇಳಿಸುತ್ತಾರೆ, ತಿಂಗಳಲ್ಲಿ ಮತ್ತೆ ಅದೇ ದೂರು. ಎತ್ತುವ ಮುಂಚೆ ಒಂದು ಅಳತೆಯ ಬಕೆಟ್ಟು, ಒಂದು ಗಡಿಯಾರ ಹಿಡಿದು ಅರ್ಧ ದಿನ ಕೂತರೆ ಒಳಗಿನ ಸ್ಥಿತಿ ಮುಕ್ಕಾಲು ಪಾಲು ಮೇಲೆಯೇ ತಿಳಿಯುತ್ತದೆ.

ಲೆಕ್ಕ ಸರಳ. ಸಿಲಿಂಡರಿನ ಒಳವ್ಯಾಸ 63.5 ಮಿ.ಮೀ., ಪಿಸ್ಟನ್ನು ಓಡಾಡುವ ದೂರ 125 ಮಿ.ಮೀ. ಅಂದರೆ ಒಂದು ಪೂರ್ತಿ ಹೊಡೆತಕ್ಕೆ ಸುಮಾರು 0.4 ಲೀಟರ್, 40 ಹೊಡೆತಕ್ಕೆ 15.8 ಲೀಟರ್. ಒಳ್ಳೆಯ ಸ್ಥಿತಿಯ ಪಂಪು ಒಂದು ನಿಮಿಷದಲ್ಲಿ 40 ಬಾರಿ ಹೊಡೆದರೆ 15 ಲೀಟರಿನ ಆಸುಪಾಸು ಕೊಡಬೇಕು. 10 ಲೀಟರಿಗಿಂತ ಕಡಿಮೆಯಾದರೆ ರಿಪೇರಿಗೆ ಬಂದಿದೆ ಎಂದೇ ಅರ್ಥ. ಹ್ಯಾಂಡಲ್ಲನ್ನು ಮೇಲಿನ ತಡೆಯಿಂದ ಕೆಳಗಿನ ತಡೆಯವರೆಗೆ ಪೂರ್ತಿ ಹೊಡೆಯಬೇಕು. ಮಕ್ಕಳು ಹೊಡೆಯುವಂತೆ ಅರ್ಧರ್ಧ ಹೊಡೆದರೆ ಲೆಕ್ಕ ಹಾಳು.

ಈ ಪಂಪಿನಲ್ಲಿ ನೀರು ಸರಾಗವಾಗಿ ಬರತೊಡಗಿದ ಮೇಲೆ 40 ಹೊಡೆತಕ್ಕೆ ಸಿಕ್ಕಿದ್ದು 9 ಲೀಟರ್, ಅಂದರೆ ಹೊಡೆತಕ್ಕೆ 0.225 ಲೀಟರ್. ಪಿಸ್ಟನ್ನಿನ ಬಕೆಟ್ ವಾಷರುಗಳು (ಬಟ್ಟಲಿನಾಕಾರದ ಚರ್ಮದ ವಾಷರುಗಳು) ಸವೆದಿವೆ ಎಂಬುದು ಇಷ್ಟರಿಂದಲೇ ಗೊತ್ತಾಗುತ್ತದೆ. ಆದರೆ ಬೆಳಗಿನ ಹೊತ್ತು ನೀರು ತಡವಾಗುವುದಕ್ಕೆ ವಾಷರ್ ಕಾರಣವಲ್ಲ. ಅದು ಪೈಪಿನಲ್ಲಿ ನಿಂತ ನೀರು ಎಲ್ಲೋ ಇಳಿದು ಹೋಗುತ್ತಿರುವುದರ ಲಕ್ಷಣ. ಇಳಿಯುವುದಕ್ಕೆ ದಾರಿ ಎರಡೇ: ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಸಿಲಿಂಡರಿನ ತಳದ ಚೆಕ್ ವಾಲ್ವ್, ಇಲ್ಲವೇ ಪೈಪಿನಲ್ಲಿ ಒಡಕು.

ಇವೆರಡನ್ನೂ ಮೇಲಿಂದಲೇ ಬೇರೆ ಮಾಡಿ ಹೇಳಬಹುದು. ನೀರು ಸರಾಗವಾಗಿ ಬರುವ ತನಕ ಹೊಡೆದು, 30 ನಿಮಿಷ ಬಿಟ್ಟು, ಮತ್ತೆ ಎಷ್ಟನೆಯ ಹೊಡೆತಕ್ಕೆ ನೀರು ಬರುತ್ತದೆ ಎಂದು ಎಣಿಸಬೇಕು. ಸರಿಯಾದ ಪಂಪಿನಲ್ಲಿ ಐದರೊಳಗೆ ಬರಬೇಕು. ಇಲ್ಲಿ 24 ಬೇಕಾಯಿತು. ಆಮೇಲೆ ಎರಡು ಗಂಟೆ ಯಾರೂ ಮುಟ್ಟದಂತೆ ಕಾದು ಮತ್ತೆ ಎಣಿಸಿದಾಗ 25.

ಎರಡನೆಯ ಎಣಿಕೆಯೇ ಇಲ್ಲಿ ಮುಖ್ಯ. ಚೆಕ್ ವಾಲ್ವ್ ಸೋರುತ್ತಿದ್ದರೆ ಪೈಪಿನೊಳಗಿನ ನೀರು ಬೋರಿನ ನೀರಿನ ಮಟ್ಟ ಸೇರುವ ತನಕ ಇಳಿಯುತ್ತಲೇ ಇರುತ್ತದೆ, ಎರಡು ಗಂಟೆ ಬಿಟ್ಟಾಗ ಎಣಿಕೆ ಬಹಳ ಏರಬೇಕಿತ್ತು. ಏರಲಿಲ್ಲ. ನೀರು ಒಂದು ಜಾಗಕ್ಕೆ ಇಳಿದು ಅಲ್ಲೇ ನಿಂತಿದೆ, ಅಂದರೆ ತೂತು ಇರುವುದು ಆ ಜಾಗದಲ್ಲಿ. ಎಷ್ಟು ಆಳ? 24 ಹೊಡೆತಕ್ಕೆ 0.225ರಂತೆ 5.4 ಲೀಟರ್. 32 ಮಿ.ಮೀ. ಪೈಪು ಮೀಟರಿಗೆ ಒಂದು ಲೀಟರ್ ಹಿಡಿಯುತ್ತದೆ, ನಡುವೆ ಪಿಸ್ಟನ್ನನ್ನು ಎಳೆಯುವ 12 ಮಿ.ಮೀ.ನ ರಾಡು ಇರುವುದರಿಂದ 0.9 ಎಂದು ಹಿಡಿಯಿರಿ. 5.4ನ್ನು 0.9ರಿಂದ ಭಾಗಿಸಿದರೆ 6 ಮೀಟರ್. ಮೂರು ಮೀಟರಿನ ಪೈಪುಗಳಲ್ಲಿ ಇದು ಸರಿಯಾಗಿ ಎರಡನೆಯ ಜಾಯಿಂಟು. ಪೈಪು ಎತ್ತುವ ಮುಂಚೆಯೇ ಅಂಗಡಿಯಿಂದ ಒಂದು ಪೈಪು, ಪೈಪಿಗೆ ಪೈಪು ಕೂಡಿಸುವ ಒಂದು ಸಾಕೆಟ್ ತರಿಸಿ ಇಟ್ಟುಕೊಳ್ಳಲು ಸಾಧ್ಯವಾದದ್ದು ಈ ಲೆಕ್ಕದಿಂದ.

ಉಳಿದ ಲಕ್ಷಣಗಳನ್ನೂ ನೀರುಗಂಟಿಗೆ ಒಂದೇ ಉಸಿರಿನಲ್ಲಿ ಹೇಳಿಕೊಡಬಹುದು. ಹ್ಯಾಂಡಲ್ಲು ತೂಕವೇ ಇಲ್ಲದೆ ಹಗುರಾಗಿ ಓಡಾಡಿ ನೀರು ಬಾರದಿದ್ದರೆ ರಾಡು ಕಳಚಿದೆ ಅಥವಾ ಮುರಿದಿದೆ. ಹ್ಯಾಂಡಲ್ಲು ಮೇಲೆ ಹೋಗುವಾಗ ಹ್ಯಾಂಡಲ್ಲಿಗೂ ರಾಡಿಗೂ ನಡುವಿನ ಚೈನು ಮಡಚಿಕೊಂಡು ಕಟಕಟ ಎಂದರೆ ಚೈನು ಒಣಗಿ ಬಿರುಸಾಗಿದೆ, ಇಲ್ಲವೇ ಹೊಸ ವಾಷರ್ ತೀರಾ ಬಿಗಿಯಾಗಿ ಪಿಸ್ಟನ್ನು ಇಳಿಯುತ್ತಿಲ್ಲ. ಸ್ವಲ್ಪ ಹೊತ್ತು ಚೆನ್ನಾಗಿ ಬಂದು ಆಮೇಲೆ ಗಾಳಿ ಉಗುಳಿದರೆ ನೀರಿನ ಮಟ್ಟ ಸಿಲಿಂಡರಿಗಿಂತ ಕೆಳಗಿಳಿಯುತ್ತಿದೆ, ಪೈಪು ಸೇರಿಸಬೇಕು. ಆದರೆ ಮಾರ್ಕ್ 2ರಲ್ಲಿ 45 ಮೀಟರ್ ದಾಟಬಾರದು, ಹೊಡೆಯುವವರ ಕೈ ಸೋಲುತ್ತದೆ.

ಸಾಮಾನು

ವಿಶೇಷ ಸಲಕರಣೆ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಪೈಪು ಕಚ್ಚಿ ಹಿಡಿಯುವ ಸೆಲ್ಫ್ ಲಾಕಿಂಗ್ ಕ್ಲ್ಯಾಂಪು, ಮೂರು ಲಿಫ್ಟಿಂಗ್ ಸ್ಪ್ಯಾನರ್, ಟ್ಯಾಂಕು (ನೀರು ಹೊರಬೀಳುವ ಮೂತಿ ಇರುವ ಭಾಗ) ಎತ್ತುವ ಪೈಪ್ ಲಿಫ್ಟರ್, ರಾಡಿನ ವೈಸು, ಚೈನನ್ನು ರಾಡಿಗೆ ಕೂಡಿಸುವ ಚೈನ್ ಕಪ್ಲಿಂಗಿಗೆ ಆಧಾರ ಕೊಡುವ ತುಂಡು, ಬೇರಿಂಗ್ ಕೂರಿಸುವ ಟೂಲು, ರಾಡಿಗೆ ಥ್ರೆಡ್ಡು ಹಾಕುವ ಎಂ12 ಡೈ ಬೇಕು. ಇವೆಲ್ಲ ಸೇರಿದ ಕಿಟ್ ತಾಲ್ಲೂಕಿನ ಉಪವಿಭಾಗದ ಕಚೇರಿಯಲ್ಲಿ ಇರುವುದುಂಟು, ಪಿಡಿಒ ಪತ್ರದ ಮೇಲೆ ಕೇಳಿ. ಜೊತೆಗೆ 24 ಇಂಚಿನ ಎರಡು ಪೈಪ್ ರೆಂಚು, ಫ್ಲೇಂಜಿನ ಎಂ12 ಬೋಲ್ಟಿಗೆ 19ರ ಸ್ಪ್ಯಾನರ್ ಎರಡು, ಹ್ಯಾಕ್ಸಾ, ವೈರ್ ಬ್ರಶ್ಶು, ಟೆಫ್ಲಾನ್ ಟೇಪು.

ಬದಲಾಯಿಸಲು: ಬಕೆಟ್ ವಾಷರ್ 2, ಸಿಲಿಂಡರ್ ಮುಚ್ಚಳದ ಚರ್ಮದ ಸೀಲಿಂಗ್ ರಿಂಗು 2, ಮೇಲಿನ ವಾಲ್ವಿಗೂ ಚೆಕ್ ವಾಲ್ವಿಗೂ ರಬ್ಬರ್ ಸೀಟು ಒಂದೊಂದು, 6204 ಬೇರಿಂಗು 2, ಚೈನಿಗೆ ಎಂ10 ಹೈ ಟೆನ್ಸೈಲ್ ಬೋಲ್ಟು ಮತ್ತು ನೈಲಾಕ್ ನಟ್ಟು, ಮೀಡಿಯಂ ದರ್ಜೆಯ ಜಿ.ಐ. ಪೈಪು 1, ಸಾಕೆಟ್ 1, ರಾಡು 1, ಗ್ರೀಸು. ಬೋಲ್ಟುಗಳಿಗೆ ಐಎಸ್‌ಐ ಗುರುತು ನೋಡಿ ತನ್ನಿ. ಚೈನ್ ಬೋಲ್ಟಿಗೆ ಮೆದು ಕಬ್ಬಿಣದ್ದು ಹಾಕಿದರೆ ಕೆಲವೇ ತಿಂಗಳಲ್ಲಿ ಕತ್ತರಿಸಿ ರಾಡು ಸಮೇತ ಬೀಳುತ್ತದೆ. ಚರ್ಮದ ವಾಷರುಗಳನ್ನು ಹಿಂದಿನ ರಾತ್ರಿಯೇ ಅಡುಗೆ ಎಣ್ಣೆಯಲ್ಲಿ ನೆನೆಹಾಕಿ. ಒಣ ವಾಷರಿನ ಅಂಚು ಮಡಚಿಕೊಂಡು ಹರಿಯುತ್ತದೆ. ಕುಡಿಯುವ ನೀರಿನೊಳಗೆ ಇರುವ ವಸ್ತುವಾದ್ದರಿಂದ ಎಂಜಿನ್ ಆಯಿಲ್, ಗ್ರೀಸು ಸಲ್ಲದು.

ಬಿಚ್ಚುವುದು

ಮುಂದಿನ ಮುಚ್ಚಳದ ಬೋಲ್ಟು ತೆಗೆದು ಮುಚ್ಚಳ ಪಕ್ಕಕ್ಕಿಡಿ. ಹ್ಯಾಂಡಲ್ಲನ್ನು ಕೆಳಕ್ಕೆ ಒತ್ತಿದರೆ ಚೈನು ಮೇಲೆ ಬರುತ್ತದೆ. ಆಗ ಕಪ್ಲಿಂಗಿನ ಕೆಳಗೆ ಆಧಾರದ ತುಂಡು ತೂರಿಸಿ, ಹ್ಯಾಂಡಲ್ಲನ್ನು ನಿಧಾನವಾಗಿ ಮೇಲಕ್ಕೆ ಬಿಡಿ. ರಾಡುಗಳ ತೂಕ ಆ ತುಂಡಿನ ಮೇಲೆ ಕೂತು ಚೈನು ಸಡಿಲವಾಗುತ್ತದೆ. ಈಗ ನೈಲಾಕ್ ನಟ್ಟು ತೆಗೆದು ಚೈನನ್ನು ಹ್ಯಾಂಡಲ್ಲಿನಿಂದ ಬಿಡಿಸಿ, ಫ್ಲೇಂಜಿನ ನಾಲ್ಕು ಬೋಲ್ಟು ಬಿಚ್ಚಿ ಹೆಡ್ಡನ್ನು (ಹ್ಯಾಂಡಲ್ಲು ಕೂತಿರುವ ಮೇಲಿನ ಪೆಟ್ಟಿಗೆ) ಇಬ್ಬರು ಹಿಡಿದು ಎತ್ತಿ ಇಳಿಸಿ. ಆ ಜಾಗದಲ್ಲಿ ರಾಡಿನ ವೈಸು ಕೂರಿಸಿ ರಾಡು ಬಿಗಿಹಿಡಿದ ಮೇಲಷ್ಟೇ ಚೈನ್ ಕಪ್ಲಿಂಗ್ ಬಿಚ್ಚಬೇಕು. ಈ ಕ್ರಮ ತಪ್ಪಿಸಿದರೆ ರಾಡು ಜಾರಿ ಒಳಗೆ ಬಿದ್ದು ಚೆಕ್ ವಾಲ್ವನ್ನೇ ಒಡೆಯುತ್ತದೆ. ಆಮೇಲೆ ರಾಡಿಗೆ ಲಿಫ್ಟರ್ ಹಾಕಿ ಮೆಲ್ಲಗೆ ಇಳಿಸಿ, ಪಿಸ್ಟನ್ನು ತಳಕ್ಕೆ ಕೂತದ್ದು ಕೈಗೆ ತಿಳಿದ ಮೇಲೆ ಬಿಡಿ.

ಟ್ಯಾಂಕನ್ನು ಪೈಪಿನ ಸಮೇತ ಎತ್ತಿ, ಕೆಳಗೆ ಕ್ಲ್ಯಾಂಪು ಕಚ್ಚಿಸಿ, ಟ್ಯಾಂಕನ್ನು ತಿರುಗಿಸಿ ಬಿಡಿಸಬೇಕು. ಇಲ್ಲಿಂದ ಮುಂದೆ ಎಲ್ಲ ತೂಕದ ಕೆಲಸ. ಒಂದು ಪೈಪು ಸಾಕೆಟ್ ಸೇರಿ ಒಂಬತ್ತೂವರೆ ಕಿಲೋ, ಒಂದು ರಾಡು 2.7 ಕಿಲೋ, ಪೈಪಿನಲ್ಲಿ ನಿಂತ ನೀರು, ಸಿಲಿಂಡರು, ಎಲ್ಲ ಕೂಡಿ ಮೊದಲ ಎತ್ತಿಗೆ 150 ಕಿಲೋ ಹತ್ತಿರ. ಗಟ್ಟಿ ಆಳುಗಳು ಆರು ಜನ ಇರಲಿ. ನಿವೃತ್ತರು ಇಲ್ಲಿ ಹಟ ಹಿಡಿದು ಭುಜ ಕೊಡುವುದು ಬೇಡ. ಅವರ ಜಾಗ ಕ್ಲ್ಯಾಂಪಿನ ಪಕ್ಕ. ಕೂಗುವವರು ಒಬ್ಬರೇ ಇರಬೇಕು: "ಎತ್ರಪ್ಪಾ... ನಿಲ್ಸಿ... ಕಚ್ತಾ ನೋಡಿ... ಈಗ ಬಿಡಿ." ಕ್ಲ್ಯಾಂಪು ಕಚ್ಚಿತು ಎಂದು ಕಣ್ಣಾರೆ ನೋಡದೆ "ಬಿಡಿ" ಎನ್ನಬಾರದು. ಕ್ಲ್ಯಾಂಪಿಗೂ ಸಾಕೆಟ್ಟಿಗೂ ನಡುವೆ ಯಾರ ಬೆರಳೂ ಇರಬಾರದು. ತಲೆಯ ಮೇಲೆ ಕರೆಂಟಿನ ತಂತಿ ಇದ್ದರೆ ಎರಡು ಪೈಪು ಕೂಡಿಸಿ ಎತ್ತುವ ಆತುರ ಬೇಡ, ಒಂದೊಂದನ್ನೇ ಬಿಚ್ಚಿ. ಮಕ್ಕಳನ್ನು ದೂರ ಇಡಲು ಶಾಲೆಯ ರಜೆಯ ದಿನವೇ ಒಳ್ಳೆಯದು.

ಬಿಚ್ಚಿದ ಪೈಪು, ರಾಡುಗಳಿಗೆ ಸೀಮೆಸುಣ್ಣದಲ್ಲಿ 1, 2, 3 ಎಂದು ಗುರುತು ಹಾಕಿ, ನೆಲಕ್ಕೆ ತಾಗದಂತೆ ಇಟ್ಟಿಗೆಯ ಮೇಲೆ ಸಾಲಾಗಿ ಮಲಗಿಸಿ. ಬಾಯಿಗೆ ಮಣ್ಣು ಸೇರಿದರೆ ಅದು ನೇರ ವಾಲ್ವಿನ ಸೀಟಿಗೇ ಹೋಗಿ ಕೂರುತ್ತದೆ. ಎಲ್ಲ ಎತ್ತಿದ ಮೇಲೆ ಕಲ್ಲು ಕಟ್ಟಿದ ನೈಲಾನ್ ಹಗ್ಗ ಬಿಟ್ಟು ಅಳೆದಾಗ ನೀರಿನ ಮಟ್ಟ 14 ಮೀಟರ್. ಸಿಲಿಂಡರು 30 ಮೀಟರಿನಲ್ಲಿ ಇರುವುದರಿಂದ ಪೈಪು ಸೇರಿಸುವ ಅಗತ್ಯವಿಲ್ಲ.

ಒಡಕು ಎಲ್ಲಿತ್ತು, ಏಕೆ

ಎರಡನೆಯ ಪೈಪಿನ ಕೆಳತುದಿ, ಸಾಕೆಟ್ಟಿನೊಳಗೆ ಹೋಗುವ ಕೊನೆಯ ಥ್ರೆಡ್ಡು. ವೈರ್ ಬ್ರಶ್ಶಿನಿಂದ ಉಜ್ಜಿದಾಗ ತುಕ್ಕಿನ ಹೊಪ್ಪಳೆ ಉದುರಿ ಸುತ್ತಳತೆಯ ಮೂರನೆಯ ಒಂದು ಪಾಲು ಬಿರುಕು ಕಂಡಿತು. ಅದರ ಕೆಳಗೆ ಪೈಪಿನ ಹೊರಮೈ ಮೇಲೆ ನೀರು ಹರಿದ ಕಂದು ಗೆರೆ.

ಒಡಕು ಇಂಥ ಕಡೆಯೇ ಬರುವುದಕ್ಕೆ ಕಾರಣವಿದೆ. ಮೀಡಿಯಂ ಪೈಪಿನ ಗೋಡೆ 3.2 ಮಿ.ಮೀ. ದಪ್ಪ. ಥ್ರೆಡ್ಡಿನ ಆಳ ಸುಮಾರು 1.5 ಮಿ.ಮೀ. ಉಳಿಯುವುದು ಅರ್ಧವೇ, ಮತ್ತು ಡೈ ಓಡಿದ ಕಡೆ ಸತುವಿನ ಲೇಪವೂ ಹೋಗಿರುತ್ತದೆ. ಇನ್ನು ಭಾರ: ಹ್ಯಾಂಡಲ್ಲು ಒತ್ತಿದಾಗ ನೀರಿನ ತೂಕ ಪಿಸ್ಟನ್ನಿನ ಮೇಲೆ, ಅಂದರೆ ರಾಡಿನ ಮೇಲೆ. ಹ್ಯಾಂಡಲ್ಲು ಮೇಲೆ ಬಿಟ್ಟಾಗ ಚೆಕ್ ವಾಲ್ವ್ ಮುಚ್ಚಿ ಅದೇ ತೂಕ ಪೈಪಿನ ಮೇಲೆ. 14 ಮೀಟರ್ ಎತ್ತರಕ್ಕೆ ಈ ಸಿಲಿಂಡರಿನಲ್ಲಿ ಅದು ಸುಮಾರು 44 ಕಿಲೋ. ಪ್ರತಿ ಹೊಡೆತಕ್ಕೂ ಪೈಪು ಅಷ್ಟು ಹಿಗ್ಗಿ ಕುಗ್ಗುತ್ತದೆ, ಜೊತೆಗೆ ಮೇಲಿನ ಜಾಯಿಂಟುಗಳು ಕೆಳಗಿನ ಎಲ್ಲ ಪೈಪುಗಳನ್ನೂ ಹೊತ್ತಿರುತ್ತವೆ. ಹೀಗಾಗಿ ಮೇಲಿನ ಮೂರು ನಾಲ್ಕು ಜಾಯಿಂಟುಗಳೇ ಮೊದಲು ಸೋಲುವುದು. ನೀರಿಗೆ ಆಮ್ಲದ ಗುಣವಿದ್ದು ಪಿಎಚ್ 6.5ಕ್ಕಿಂತ ಕಡಿಮೆ ಇರುವ ಕಡೆ ಇದು ಇನ್ನೂ ಬೇಗ.

ತುದಿ ಕತ್ತರಿಸಿ ಹೊಸ ಥ್ರೆಡ್ಡು ಹಾಕುವುದು ಅಗ್ಗ. ಆದರೆ ಒಳಗಿನಿಂದ ಗೋಡೆ ತೆಳುವಾಗಿರುವ ಪೈಪಿಗೆ ಅದು ಸಲ್ಲ. ತುದಿಯಲ್ಲಿ ಗೋಡೆಯ ದಪ್ಪ ಅಳೆದು ನೋಡಿ, 2.5 ಮಿ.ಮೀ.ಗಿಂತ ಕಡಿಮೆ ಇದ್ದರೆ ಆ ಪೈಪನ್ನು ಶಾಲೆಯ ಬೇಲಿಗೆ ಕೊಡುವುದೇ ಲೇಸು. ಇಲ್ಲಿ ಹೊಸ ಪೈಪೇ ಬಂತು.

ಪೈಪು ಬದಲಾದಾಗ ತಪ್ಪದೆ ನೋಡಬೇಕಾದದ್ದು ಉದ್ದ. ಹಳೆಯದು ಹಿಂದೊಮ್ಮೆ ಕತ್ತರಿಸಿ ಥ್ರೆಡ್ಡು ಹಾಕಿದ್ದು, 2.97 ಮೀಟರ್. ಹೊಸದು 3.00. ಅಂದರೆ ಸಿಲಿಂಡರು 30 ಮಿ.ಮೀ. ಕೆಳಗಿಳಿಯಿತು, ರಾಡುಗಳ ಉದ್ದ ಹಾಗೇ ಇದ್ದರೆ ಪಿಸ್ಟನ್ನು ಸಿಲಿಂಡರಿನೊಳಗೆ ಅಷ್ಟು ಮೇಲೆ ಓಡಾಡಿ, ಹ್ಯಾಂಡಲ್ಲು ಪೂರ್ತಿ ಒತ್ತಿದಾಗ ಮೇಲಿನ ಮುಚ್ಚಳಕ್ಕೆ ಗುದ್ದುವ ಅಪಾಯ. ಆದ್ದರಿಂದ ಮೇಲಿನ ಕೊನೆಯ ರಾಡನ್ನು ಹೊಸದಾಗಿ ಅಳತೆಗೆ ಕತ್ತರಿಸಬೇಕು. ಅದಕ್ಕೆ ಕೆಳಗೆ ಬರುತ್ತೇವೆ.

ರಾಡುಗಳನ್ನು ಒಂದೊಂದಾಗಿ ಸಿಮೆಂಟ್ ನೆಲದ ಮೇಲೆ ಉರುಳಿಸಿ ನೋಡಿ. ಸ್ವಲ್ಪ ಬಾಗಿದ್ದರೂ ಉರುಳುವಾಗ ನಡುವೆ ಎದ್ದು ಕಾಣುತ್ತದೆ. ಬಾಗಿದ ರಾಡು ಪೈಪನ್ನು ಒಳಗಿನಿಂದ ಗೀರಿ ಗೀರಿ ತೂತು ಮಾಡುತ್ತದೆ. ಹೊಸ ಪೈಪು ಹಾಕಿದ ಜಾಗದಲ್ಲೇ ಮತ್ತೆ ತೂತು ಬಿದ್ದರೆ ಕಾರಣ ಪಕ್ಕದ ರಾಡು.

ಸಿಲಿಂಡರು

ಮುಚ್ಚಳಗಳನ್ನು ಬಿಚ್ಚುವಾಗ ಪೈಪ್ ರೆಂಚನ್ನು ಸಿಲಿಂಡರಿನ ನಡುಭಾಗಕ್ಕೆ ಹಾಕಬಾರದು. ಒಳಗಿನ ಹಿತ್ತಾಳೆ ಕೊಳವೆ ಅಮುಕಿ ಗುಂಡಗಿನ ಆಕಾರ ಕೆಟ್ಟರೆ ಎಷ್ಟು ವಾಷರ್ ಹಾಕಿದರೂ ನೀರು ಹಿಂದಕ್ಕೆ ಜಾರುತ್ತದೆ. ತುದಿಗಳಲ್ಲೇ ಹಿಡಿಯಿರಿ. ಕೊಳವೆಯೊಳಗೆ ಬೆರಳಾಡಿಸಿ ನೋಡಿ. ಉದ್ದುದ್ದ ಗೀರುಗಳು ಉಗುರಿಗೆ ಸಿಕ್ಕಿದರೆ ಮರಳು ಬರುತ್ತಿದೆ, ಸಿಲಿಂಡರನ್ನೇ ಬದಲಿಸುವುದು ಮೇಲು. ಇಲ್ಲಿ ಕೊಳವೆ ನುಣುಪಾಗಿಯೇ ಇತ್ತು, ವಾಷರಿನ ಅಂಚು ಮಾತ್ರ ಸವೆದು ಕಾಗದದಷ್ಟು ತೆಳ್ಳಗಾಗಿತ್ತು.

ಬಕೆಟ್ ವಾಷರಿನ ಬಾಯಿ ಮೇಲ್ಮುಖವಾಗಿರಬೇಕು, ಎರಡರದ್ದೂ. ಮೇಲಿನ ನೀರಿನ ಒತ್ತಡ ಬಟ್ಟಲಿನೊಳಗೆ ತುಂಬಿ ಅಂಚನ್ನು ಕೊಳವೆಗೆ ಒತ್ತುವುದರಿಂದಲೇ ಸೀಲಾಗುವುದು. ತಲೆಕೆಳಗಾಗಿ ಹಾಕಿದರೆ ಎಷ್ಟು ಹೊಡೆದರೂ ನೀರಿಲ್ಲ. ಪಿಸ್ಟನ್ನಿನ ನಟ್ಟನ್ನು ಅತಿಯಾಗಿ ಬಿಗಿದರೆ ಚರ್ಮ ಹೊರಗೆ ಉಬ್ಬಿ ಪಿಸ್ಟನ್ನು ಸಿಕ್ಕಿಕೊಳ್ಳುತ್ತದೆ. ಜೋಡಿಸಿದ ಪಿಸ್ಟನ್ನನ್ನು ಒಣ ಕೊಳವೆಗೆ ಇಟ್ಟು ಹೆಬ್ಬೆರಳಿನಿಂದ ಒತ್ತಿದರೆ ಅಲ್ಪ ತಡೆಯೊಂದಿಗೆ ಇಳಿಯಬೇಕು, ಅದೇ ಸರಿಯಾದ ಹದ.

ಚೆಕ್ ವಾಲ್ವಿನ ರಬ್ಬರ್ ಸೀಟು ಸೋರುತ್ತಿರಲಿಲ್ಲ, ಆದರೂ ಬದಲಾಯಿಸಿದೆವು. ಆರು ಜನ ಸೇರಿ ಎತ್ತಿದ ಮೇಲೆ ಹಳೆಯ ರಬ್ಬರನ್ನು ಮತ್ತೆ 30 ಮೀಟರ್ ಕೆಳಗೆ ಕಳಿಸುವುದರಲ್ಲಿ ಅರ್ಥವಿಲ್ಲ. ಜೋಡಣೆಯಾದ ಸಿಲಿಂಡರನ್ನು ನಿಲ್ಲಿಸಿ ನೀರು ತುಂಬಿ ಐದು ನಿಮಿಷ ನೋಡಿ. ತಳದಿಂದ ಒಂದು ಹನಿಯೂ ಇಳಿಯಬಾರದು. ಆಮೇಲೆ ಬಕೆಟ್ಟಿನಲ್ಲಿ ನಿಲ್ಲಿಸಿ ರಾಡಿನಿಂದ ನಾಲ್ಕು ಬಾರಿ ಎಳೆದರೆ ಮೇಲಿನಿಂದ ನೀರು ಉಕ್ಕಬೇಕು.

ಹೆಡ್ಡು, ಬೇರಿಂಗು, ಚೈನು

ಹ್ಯಾಂಡಲ್ಲಿನ ಅಲ್ಲಾಟಕ್ಕೆ ಎರಡು ಕಾರಣ: ಆಕ್ಸಲ್ಲಿನ ನಟ್ಟು ಸಡಿಲ, ಇಲ್ಲವೇ ಬೇರಿಂಗು ಹೋಗಿದೆ. ಮೊದಲು ನಟ್ಟು ಬಿಗಿದು ನೋಡಿ. ಬಿಗಿದ ಮೇಲೂ ಅಲ್ಲಾಡಿದರೆ ಬೇರಿಂಗು. 6204ರ ಒಳವ್ಯಾಸ 20, ಹೊರವ್ಯಾಸ 47, ಅಗಲ 14 ಮಿ.ಮೀ. ಎರಡೂ ಕಡೆ ತಗಡಿನ ಮುಚ್ಚಳ ಇರುವಂಥದ್ದನ್ನೇ ತನ್ನಿ, ಗ್ರೀಸು ಒಳಗೇ ಇರುತ್ತದೆ, ಹೊರಗಿನಿಂದ ಹಾಕುವುದು ಬೇಕಿಲ್ಲ. ಬೇರಿಂಗನ್ನು ಹ್ಯಾಂಡಲ್ಲಿನ ಮನೆಯೊಳಗೆ ಕೂರಿಸುವಾಗ ಒತ್ತಡ ಹೊರಗಿನ ಬಳೆಯ ಮೇಲೆ ಮಾತ್ರ ಬೀಳಬೇಕು. ಒಳಗಿನ ಬಳೆಗೆ ಸುತ್ತಿಗೆ ಬಿದ್ದರೆ ಗುಂಡುಗಳು ತಮ್ಮ ಹಾದಿಯಲ್ಲಿ ಕುಳಿ ಒತ್ತುತ್ತವೆ, ಹೊಸ ಬೇರಿಂಗು ಮೊದಲ ದಿನದಿಂದಲೇ ಗರಗರ ಎನ್ನುತ್ತದೆ. ನಡುವಿನ ಸ್ಪೇಸರ್ ಮರೆಯಬೇಡಿ. ಅದಿಲ್ಲದೆ ನಟ್ಟು ಬಿಗಿದರೆ ಎರಡೂ ಬೇರಿಂಗು ಪಕ್ಕದ ಒತ್ತಡಕ್ಕೆ ಸಾಯುತ್ತವೆ.

ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಒಂದೊಂದು ಕೊಂಡಿಯನ್ನೂ ಮಡಚಿ ಬಿಡಿಸಿ ನೋಡಿ. ಯಾವುದಾದರೂ ಕೊಂಡಿ ಮಡಚಿದ ಹಾಗೇ ನಿಂತರೆ ಚೈನು ಬದಲಿಸಬೇಕು. ಇಲ್ಲಿ ಎಲ್ಲ ಕೊಂಡಿಗಳೂ ಸಡಿಲವಾಗಿಯೇ ತಿರುಗಿದವು, ಗ್ರೀಸು ಬಳಿದು ಹಳೆಯದನ್ನೇ ಹಾಕಿದೆವು. ಬೋಲ್ಟು ಮಾತ್ರ ಹೊಸದು.

ಈ ಪಂಪಿನ ಚೈನು ಮತ್ತು ಒಂದೇ ಕೀಲಿನ ಹ್ಯಾಂಡಲ್ಲಿಗೆ ಒಂದು ಹಿನ್ನೆಲೆಯಿದೆ, ಹೇಳಲೇಬೇಕು. 1970ರ ದಶಕಕ್ಕೆ ಮುಂಚೆ ಹಳ್ಳಿಗಳಲ್ಲಿ ಹಾಕುತ್ತಿದ್ದ ಎರಕದ ಕಬ್ಬಿಣದ ಪಂಪುಗಳು ಒಂದು ಮನೆಯ ಬಳಕೆಗೆಂದು ಮಾಡಿದವು. ದಿನವಿಡೀ ಇಡೀ ಊರು ಹೊಡೆದರೆ ಕೀಲುಗಳು ತಡೆಯುತ್ತಿರಲಿಲ್ಲ. ಸೊಲ್ಲಾಪುರದಲ್ಲಿ ರೂಪುಗೊಂಡ ಪಂಪಿನಲ್ಲಿ ಒಂದೇ ಕೀಲು, ರಾಡು ನೇರ ಓಡಾಡುವಂತೆ ಕಮಾನಿನ ಮೇಲೆ ಸುತ್ತುವ ಚೈನು ಬಂತು. ಅದನ್ನೇ ಆಧಾರವಾಗಿಟ್ಟು ಯುನಿಸೆಫ್, ಮದರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಮುಂತಾದವರು ಸೇರಿ ಇಂಡಿಯಾ ಮಾರ್ಕ್ 2 ರೂಪಿಸಿದರು. ಅದಕ್ಕೆ ಮೊದಲು ಬಂದ ಭಾರತೀಯ ಮಾನಕ ಐಎಸ್ 9301. ಕಾರ್ಯಾಗಾರದಲ್ಲಿ ಕೈ ಮಸಿ ಮಾಡಿಕೊಂಡವರ ಬುದ್ಧಿ ಈ ಚೈನಿನಲ್ಲಿದೆ, ಅದನ್ನು ಮತ್ತೆ ಓಡಿಸುವ ಹಕ್ಕು ಅಂಥ ಕೈಗಳಿಗೇ ಸೇರಿದ್ದು.

ನಂತರದ ಮಾರ್ಕ್ 3ರಲ್ಲಿ 65 ಮಿ.ಮೀ. ಪೈಪು. ಪಿಸ್ಟನ್ನನ್ನು ಪೈಪಿನೊಳಗಿನಿಂದಲೇ ಹೊರತೆಗೆಯಬಹುದು, ವಾಷರಿಗಾಗಿ ಪೈಪು ಎತ್ತಬೇಕಿಲ್ಲ. ಎಲ್ಲ ಪೈಪೂ ಹೋಗಿರುವ ಪಂಪು ಕೈಗೆ ಬಂದರೆ ಪಂಚಾಯಿತಿಗೆ ಅದನ್ನು ಸೂಚಿಸಿ.

ಬೋರಿಗೆ ಕ್ಲೋರಿನ್

ಪೈಪು ಹೊರಗಿರುವಾಗಲೇ ಇದನ್ನು ಮಾಡಿ. 150 ಮಿ.ಮೀ. ಬೋರು ಮೀಟರಿಗೆ 17.7 ಲೀಟರ್ ಹಿಡಿಯುತ್ತದೆ. 14ರಿಂದ 60 ಮೀಟರಿನವರೆಗೆ ನೀರಿನ ಕಂಬ 46 ಮೀಟರ್, ಒಟ್ಟು 814 ಲೀಟರ್. ಲೀಟರಿಗೆ 50 ಮಿ.ಗ್ರಾಂ ಕ್ಲೋರಿನ್ ಬೇಕೆಂದರೆ 41 ಗ್ರಾಂ. ಬ್ಲೀಚಿಂಗ್ ಪೌಡರಿನಲ್ಲಿ ಕ್ಲೋರಿನ್ ಶೇ. 30 ಎಂದು ಹಿಡಿದರೆ 137 ಗ್ರಾಂ, ತೂಗಿ ಹಾಕಿದ್ದು 150 ಗ್ರಾಂ. ಪೊಟ್ಟಣ ಒಡೆದು ಬಹಳ ದಿನವಾದ ಪೌಡರಿನಲ್ಲಿ ಕ್ಲೋರಿನ್ ಇಳಿದಿರುತ್ತದೆ, ಹೊಸದನ್ನೇ ತನ್ನಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 15 ಲೀಟರ್ ನೀರಿಗೆ ಕಲಕಿ, ಸುಣ್ಣದ ಗಸಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಬೋರಿಗೆ ಸುರಿಯಿರಿ. ಮೂಗಿಗೆ ಬಟ್ಟೆ, ಕೈಗೆ ಗ್ಲೌಸು. ಪೈಪು, ರಾಡುಗಳನ್ನೂ ಅದೇ ತಿಳಿಯಲ್ಲಿ ಒರೆಸಿ ಇಳಿಸಿ.

ಇಳಿಸುವುದು

ಬಿಚ್ಚಿದ್ದರ ಹಿಮ್ಮುಖ ಕ್ರಮ, ಹೆಚ್ಚು ಹೇಳುವುದಿಲ್ಲ. ಪೈಪಿನ ಥ್ರೆಡ್ಡನ್ನು ಬ್ರಶ್ಶಿನಿಂದ ಹೊಳೆಯುವಂತೆ ಉಜ್ಜಿ, ಥ್ರೆಡ್ಡು ತಿರುಗುವ ದಿಕ್ಕಿನಲ್ಲೇ ಟೆಫ್ಲಾನ್ ಟೇಪು ಎಂಟು ಹತ್ತು ಸುತ್ತು. ಸೀಸ ಬೆರೆತ ಸಫೇದಾ ಕುಡಿಯುವ ನೀರಿನ ಪೈಪಿಗೆ ಬೇಡ. ಎರಡು ರೆಂಚು ಹಾಕಿ ಪೂರ್ತಿ ಬಿಗಿಯಿರಿ, ಒಂದೇ ರೆಂಚಿನಲ್ಲಿ ಬಿಗಿದರೆ ಕೆಳಗಿನ ಜಾಯಿಂಟು ತಿರುಗಿ ಸಡಿಲವಾಗುತ್ತದೆ.

ಕೊನೆಯ ಪೈಪಿಗೆ ಟ್ಯಾಂಕು ಕೂಡಿಸಿ ಸ್ಟ್ಯಾಂಡಿನ ಮೇಲೆ ಕೂರಿಸಿದ ಮೇಲೆ ಮೇಲಿನ ರಾಡಿನ ಅಳತೆ. ಪಿಸ್ಟನ್ನು ತಳಕ್ಕೆ ಕೂತಿರಲಿ, ರಾಡು ನೆಟ್ಟಗೆ ನಿಂತಿರಲಿ. ಟ್ಯಾಂಕಿನ ಮೇಲಿನ ಫ್ಲೇಂಜಿನ ಮಟ್ಟಕ್ಕೆ ರಾಡಿನ ಮೇಲೆ ಹ್ಯಾಕ್ಸಾದಿಂದ ಗುರುತು ಗೀಚಿ, ರಾಡನ್ನು ಎತ್ತಿ ವೈಸಿನಲ್ಲಿ ಹಿಡಿದು ಗುರುತಿಗೆ ಕತ್ತರಿಸಿ, ಅಂಚನ್ನು ಅರದಿಂದ ಇಳಿಜಾರು ಮಾಡಿ, ಎಂ12 ಡೈ ಓಡಿಸಿ. ಡೈ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ನಡುನಡುವೆ ಎಣ್ಣೆ. ಕತ್ತರಿಸಿದ ಚೂರು, ಲೋಹದ ಪುಡಿ ಪೈಪಿನೊಳಗೆ ಬೀಳದಂತೆ ಬಾಯಿಗೆ ಬಟ್ಟೆ ಸುತ್ತಿರಿ. ನೀರುಗಂಟಿಯ ಕೈಯಲ್ಲಿ ಇದೊಂದನ್ನು ಮಾಡಿಸಲೇಬೇಕು. ಡೈ ನೆಟ್ಟಗೆ ಕೂತಿದೆಯೋ ಇಲ್ಲವೋ ಎಂಬುದನ್ನು ನೋಡಿ ಕಲಿಯಲಾಗುವುದಿಲ್ಲ, ಹಿಡಿ ಹಿಡಿದ ಕೈಗೇ ತಿಳಿಯಬೇಕು. ಹಳೆಯ ರಾಡಿನ ತುಂಡಿನ ಮೇಲೆ ಎರಡು ಬಾರಿ ಓಡಿಸಿ ಆಮೇಲೆ ಹೊಸದಕ್ಕೆ ಬರಲಿ.

ಚೈನ್ ಕಪ್ಲಿಂಗನ್ನು ಥ್ರೆಡ್ಡಿಗೆ ಪೂರ್ತಿ ಏರಿಸಿ ಚೆಕ್ ನಟ್ಟು ಬಿಗಿಯಿರಿ. ಹೆಡ್ಡು ಕೂರಿಸಿ, ನಾಲ್ಕೂ ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದು, ಹ್ಯಾಂಡಲ್ಲನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ ಎಲ್ಲೂ ಗುದ್ದುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಮುಚ್ಚಳ ಹಾಕಿ. ರಾತ್ರಿಯಿಡೀ ಯಾರೂ ಹೊಡೆಯದಂತೆ ಹ್ಯಾಂಡಲ್ಲಿಗೆ ಹಗ್ಗ ಬಿಗಿದು, ಕ್ಲೋರಿನ್ ಇದೆ ಎಂದು ಹಲಗೆ ಬರೆದು ತೂಗುಹಾಕಿ.

ಮಾರನೆಯ ದಿನ ಬೋರಿನಲ್ಲಿದ್ದಷ್ಟು ನೀರು ಹೊರಗೆ ಹೋಗಬೇಕಾದರೆ 2000ಕ್ಕೂ ಹೆಚ್ಚು ಹೊಡೆತ. ದೊಡ್ಡವರು ಪಾಳಿಯಲ್ಲಿ ಹೊಡೆಯಲಿ, ವಾಸನೆ ಹೋಗುವ ತನಕ. ಆ ನೀರು ಗಿಡಗಳಿಗೆ ಬೇಡ.

ಫಲಿತ

40 ಹೊಡೆತಕ್ಕೆ 15 ಲೀಟರ್. 30 ನಿಮಿಷ ಬಿಟ್ಟು ಹೊಡೆದಾಗ ಎರಡನೆಯ ಹೊಡೆತಕ್ಕೆ ನೀರು. ಎರಡು ಗಂಟೆಯ ನಂತರವೂ ಅಷ್ಟೇ. ಹ್ಯಾಂಡಲ್ಲಿನ ಅಲ್ಲಾಟ ಇಲ್ಲ.

ನೀರಿನ ಗುಣ ನೋಡದೆ ಮಕ್ಕಳಿಗೆ ಕುಡಿಯಲು ಬಿಡಬಾರದು, ಅದರಲ್ಲೂ ಬಯಲುಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ತೊಂದರೆ ಬಹಳ. ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಿದರೆ ಕುಡಿಯಲೂ ಅಡುಗೆಗೂ ಆಗದು. ಅಂಥ ಪಂಪಿಗೆ ಕೆಂಪು ಬಣ್ಣ ಬಳಿದು "ತೊಳೆಯಲು ಮಾತ್ರ" ಎಂದು ಬರೆಯಿರಿ. ಪಂಚಾಯಿತಿಯ ಪರೀಕ್ಷಾ ಕಿಟ್ಟಿನಲ್ಲಿ ಈ ನೀರಿನ ಬಣ್ಣ 0.5 ಮತ್ತು 1ರ ನಡುವೆ ಬಂತು. ಕ್ಲೋರಿನ್ ಪೂರ್ತಿ ಹೋದ ಮೇಲೆ ಎಚ್2ಎಸ್ ಬಾಟಲಿಗೆ (ಕೊಳಕಿನ ಬ್ಯಾಕ್ಟೀರಿಯಾ ಇದ್ದರೆ ನೀರು ಕಪ್ಪಾಗುವ ಪರೀಕ್ಷೆಯ ಬಾಟಲಿ) ನೀರು ತುಂಬಿ 48 ಗಂಟೆ ಇಟ್ಟಾಗ ಕಪ್ಪಾಗಲಿಲ್ಲ.

ಕಟ್ಟೆಯ ಬಿರುಕನ್ನು 25 ಮಿ.ಮೀ. ಆಳಕ್ಕೆ ಉಳಿಯಿಂದ ಕೊರೆದು, ನೀರು ಚಿಮುಕಿಸಿ, 1:3 ಸಿಮೆಂಟು ಮರಳಿನಿಂದ ತುಂಬಿ ಏಳು ದಿನ ಗೋಣಿಚೀಲ ಒದ್ದೆಯಾಗಿರಿಸಬೇಕು. ಇದನ್ನು ಬಿಟ್ಟರೆ ಚೆಲ್ಲಿದ ಕೊಳಕು ನೀರು ಕೇಸಿಂಗಿನ ಪಕ್ಕದಿಂದ ಇಳಿದು ಮತ್ತೆ ಬೋರಿಗೇ ಸೇರುತ್ತದೆ, ಹಾಕಿದ ಕ್ಲೋರಿನ್ ವ್ಯರ್ಥ. ಹರಿದ ನೀರಿಗೆ 6 ಮೀಟರ್ ಚರಂಡಿ, ಅದರ ಕೊನೆಗೆ ಕಲ್ಲು ತುಂಬಿದ ಇಂಗುಗುಂಡಿ.

ಹೆಡ್‌ಮೇಷ್ಟ್ರ ಬೀರುವಿನಲ್ಲಿ ಈಗ ಒಂದು ಡಬ್ಬಿ ಇದೆ: ಬಕೆಟ್ ವಾಷರ್ 2, ರಬ್ಬರ್ ಸೀಟು 2, ಚೈನ್ ಬೋಲ್ಟು ಮತ್ತು ನೈಲಾಕ್ ನಟ್ಟು 2, ಎಂ12 ಬೋಲ್ಟು 4, 19ರ ಸ್ಪ್ಯಾನರ್ ಜೋಡಿ, ಅರ್ಧ ಕಿಲೋ ಗ್ರೀಸು. ಜೊತೆಗೆ ಒಂದು ನೋಟ್‌ಬುಕ್ಕು. ಅದರಲ್ಲಿ ಪೈಪುಗಳ ಸಂಖ್ಯೆ, ನೀರಿನ ಮಟ್ಟ, ಹೊಸ ಪೈಪು ಯಾವ ಜಾಯಿಂಟಿನದು, ಮೇಲಿನ ರಾಡಿನ ಉದ್ದ ಬರೆದಿದೆ. ತಿಂಗಳಿಗೊಮ್ಮೆ ನೀರುಗಂಟಿ ಬೋಲ್ಟು, ಆಕ್ಸಲ್ ನಟ್ಟು ಬಿಗಿದು ಚೈನಿಗೆ ಗ್ರೀಸು ಬಳಿಯಬೇಕು. ಮೂರು ತಿಂಗಳಿಗೊಮ್ಮೆ 40 ಹೊಡೆತದ ಲೀಟರು ಮತ್ತು 30 ನಿಮಿಷದ ಎಣಿಕೆ ಬರೆಯಬೇಕು. 12 ಲೀಟರಿಗಿಂತ ಕೆಳಗಿಳಿದರೆ ಅಥವಾ ಎಣಿಕೆ 5 ದಾಟಿದರೆ ಬೇಸಿಗೆ ಬರುವ ಮುಂಚೆ ಪೈಪು ಎತ್ತುವ ಏರ್ಪಾಡು ಮಾಡಬೇಕು.